ಆ ಕಾಗದಕ್ಕೆ ಅಂದೇ ಸಹಿ ಹಾಕಬೇಕಿಲ್ಲ

2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರನ್ನು ಹೊರಗೆ ಕಳಿಸಲಾಯಿತು. ಅವರಲ್ಲಿ ಬಹಳಷ್ಟು ಮಂದಿ 2022ರಲ್ಲೇ ಆಫರ್ ಲೆಟರ್ ಪಡೆದವರು. ಎರಡು ವರ್ಷಕ್ಕೂ ಹೆಚ್ಚು ಕಾಲ ಕರೆಗಾಗಿ ಕಾದು, 2024ರ ಕೊನೆಯ ಹೊತ್ತಿಗೆ ಕೆಲಸಕ್ಕೆ ಸೇರಿದ್ದರು. ಮೂರು ಸಲ ಅವಕಾಶ ಕೊಟ್ಟರೂ ಒಳಪರೀಕ್ಷೆ ಪಾಸಾಗಲಿಲ್ಲ, ಈ ಷರತ್ತು ಒಪ್ಪಂದದಲ್ಲೇ ಇತ್ತು ಎಂದು ಕಂಪನಿ ಹೇಳಿತು. ಕಾಗದದ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಬ್ಯಾಗು ಹಿಡಿದು ಊರಿನ ದಾರಿ ಹಿಡಿದ ಆ ಹುಡುಗ ಹುಡುಗಿಯರನ್ನು ಕಾಡಿದ್ದು ಸಂಬಳದ ಚಿಂತೆಯೊಂದೇ ಆಗಿರಲಾರದು. ಕೆಲಸ ಸಿಕ್ಕಾಗ ಬೀದಿಗೆಲ್ಲ ಸಿಹಿ ಹಂಚಿದ್ದ ಅಪ್ಪ ಅಮ್ಮನಿಗೆ ಏನು ಹೇಳುವುದು?

ಈ ಪ್ರಶ್ನೆ ಹುಟ್ಟುವುದೇ ತಪ್ಪು. ಕೆಲಸದಿಂದ ತೆಗೆದರೆ ತಲೆ ತಗ್ಗಿಸಬೇಕು ಎಂಬ ನಂಬಿಕೆ ನಮ್ಮ ಮನೆಗಳಿಗೆ ಎಲ್ಲಿಂದ ಬಂತು ಎಂದು ನೋಡಿದರೆ, ಅದರ ಬೇರು ಸರ್ಕಾರಿ ನೌಕರಿಯಲ್ಲಿ ಸಿಗುತ್ತದೆ. ಸಂವಿಧಾನದ 311ನೇ ವಿಧಿಯ ಪ್ರಕಾರ, ಕೆಲವು ಅಪವಾದ ಬಿಟ್ಟರೆ, ಆರೋಪ ಏನೆಂದು ತಿಳಿಸಿ, ವಿಚಾರಣೆ ನಡೆಸಿ, ಹೇಳಿಕೆ ಕೇಳದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ಹಾಗಾಗಿ ಹಿಂದಿನ ತಲೆಮಾರಿಗೆ ವಜಾ ಆದವನೆಂದರೆ ಲಂಚ ತಿಂದು ಸಿಕ್ಕಿಬಿದ್ದವನು, ಇಲ್ಲವೇ ಕಚೇರಿ ಹಣ ನುಂಗಿದವನು. ವಿಚಾರಣೆಯಲ್ಲಿ ತಪ್ಪು ಸಾಬೀತಾಗಿದೆ ಎಂದೇ ಅರ್ಥ. ಇಂದಿನ ಖಾಸಗಿ ಕಂಪನಿಯಲ್ಲಿ ಸಾಮೂಹಿಕವಾಗಿ ಕೆಲಸದಿಂದ ತೆಗೆಯುವಾಗ ಆರೋಪವೂ ಇರುವುದಿಲ್ಲ, ವಿಚಾರಣೆಯೂ ಇರುವುದಿಲ್ಲ. 2023ರ ಜನವರಿಯಲ್ಲಿ ಗೂಗಲ್ ಜಗತ್ತಿನಾದ್ಯಂತ 12,000 ಹುದ್ದೆ ಕಡಿತ ಘೋಷಿಸಿದಾಗ, ಆ ಹನ್ನೆರಡು ಸಾವಿರ ಮಂದಿಯೂ ತಪ್ಪು ಮಾಡಿದ್ದರೇ? ಕೋವಿಡ್ ಕಾಲದಲ್ಲಿ ಲೆಕ್ಕ ತಪ್ಪಿ ಹೆಚ್ಚು ಜನರನ್ನು ಸೇರಿಸಿಕೊಂಡಿದ್ದು ಕಂಪನಿಯೇ, ಅದರ ಮುಖ್ಯಸ್ಥರೇ ಅದನ್ನು ಒಪ್ಪಿಕೊಂಡರು. ಆದರೂ ಸಂಬಂಧಿಕರ ಮದುವೆಗೆ ಹೋಗಲು ಹಿಂಜರಿಯುವುದು ಕೆಲಸ ಕಳೆದುಕೊಂಡವರೇ.

ಕೋಲಾರದ ಚಿನ್ನದ ಗಣಿಯ ಕಥೆ ನೋಡಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಸಾವಿರಾರು ಕುಟುಂಬಗಳ ಅನ್ನ ಒಂದೇ ದಿನ ಹೋಯಿತು. ಕೆಜಿಎಫ್‌ನ ಜನ ಕಷ್ಟಪಟ್ಟರು, ಬೆಂಗಳೂರಿನ ರೈಲು ಹತ್ತಿ ಸಿಕ್ಕ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಮರಳಿದರು, ಇಂದಿಗೂ ಆ ರೈಲು ತುಂಬಿಯೇ ಬರುತ್ತದೆ. ಆದರೆ ಗಣಿ ಮುಚ್ಚಿದ್ದಕ್ಕೆ ಅಲ್ಲಿ ಯಾರೂ ನಾಚಿಕೊಳ್ಳಲಿಲ್ಲ. ಧರಣಿ ಕೂತರು, ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದರು. ಎಲ್ಲರ ಕೆಲಸ ಒಟ್ಟಿಗೆ ಹೋಗಿತ್ತು, ಯಾರ ಕಾರಣದಿಂದ ಹೋಯಿತೆಂದು ಎಲ್ಲರಿಗೂ ಗೊತ್ತಿತ್ತು.

ಐಟಿ ಕಂಪನಿಗಳಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಮೀಟಿಂಗ್ ರೂಮಿನಲ್ಲಿ ಮ್ಯಾನೇಜರ್ ಪಕ್ಕ ಎಚ್‌ಆರ್‌ನವರು ಕೂತಿರುತ್ತಾರೆ. ಎರಡು ದಾರಿ ಇದೆ ಎನ್ನುತ್ತಾರೆ. ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಬರುತ್ತದೆ, ಮುಂದಿನ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿದಾಗ ತೊಂದರೆ ಇಲ್ಲ. ಇಲ್ಲವೆಂದರೆ ಟರ್ಮಿನೇಷನ್, ಅದು ದಾಖಲೆಯಲ್ಲಿ ಉಳಿಯುತ್ತದೆ. ಇವತ್ತೇ ತೀರ್ಮಾನಿಸಿ. ಮನೆಸಾಲದ ಇಎಂಐ, ಮಗುವಿನ ಸ್ಕೂಲ್ ಫೀಸು ತಲೆಯಲ್ಲಿ ಗಿರಕಿ ಹೊಡೆಯುತ್ತಿರುವಾಗ ಯಾರಿಗೇ ಆದರೂ ಮೊದಲ ದಾರಿಯೇ ಮರ್ಯಾದೆಯದು ಎನಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಸಬ್ಮಿಟ್ ಒತ್ತುತ್ತಾರೆ. ಮರುಕ್ಷಣ ಆ ಲ್ಯಾಪ್‌ಟಾಪೂ ಐಡಿ ಕಾರ್ಡೂ ಮೇಜಿನ ಆಚೆ ಬದಿಗೆ ಹೋಗುತ್ತವೆ.

ನಾಚಿಕೆಗೆ ಬೆಲೆ ತೆರುವುದು ಇಲ್ಲೇ. ಕೈಗಾರಿಕಾ ವಿವಾದ ಕಾಯ್ದೆ 1947ರ ಪ್ರಕಾರ, ಒಂದು ವರ್ಷ ಸತತ ದುಡಿದ ಕಾರ್ಮಿಕನನ್ನು ಹುದ್ದೆ ಕಡಿತದ ಹೆಸರಿನಲ್ಲಿ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ವೇತನ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನವನ್ನು ಪರಿಹಾರವಾಗಿ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ಆದರೆ ತಾನಾಗಿಯೇ ಬಿಟ್ಟು ಹೋದವನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಬಲವಂತವಾಗಿ ಬರೆಸಿಕೊಂಡರು ಎಂದು ಆಮೇಲೆ ದೂರು ಕೊಡಬಹುದು, ಆದರೆ ಬಲವಂತವನ್ನು ಸಾಬೀತು ಮಾಡುವ ಹೊರೆ ಬರೆದುಕೊಟ್ಟವನ ಮೇಲೆಯೇ ಬೀಳುತ್ತದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿತ ಮಾಡುವುದಾಗಿ ಹೇಳಿದ ಮೇಲೆ, ಒತ್ತಾಯದ ರಾಜೀನಾಮೆ ಪಡೆಯಲಾಗುತ್ತಿದೆ ಎಂದು ನೌಕರರ ಸಂಘಟನೆಗಳು ದೂರಿದವು. ಕಂಪನಿ ಅದನ್ನು ಅಲ್ಲಗಳೆಯಿತು. ಹೊರಗಿನವರು ಸತ್ಯ ತಿಳಿಯುವುದಾದರೂ ಹೇಗೆ, ಕಡತದಲ್ಲಿ ಇರುವುದು ರಾಜೀನಾಮೆಯೊಂದೇ ಆದರೆ?

ಸಹಿ ಹಾಕದೆ, ಮುಖ ಮರೆಸಿಕೊಳ್ಳದೆ ನಿಂತವರೂ ಇದ್ದಾರೆ. 2015ರಲ್ಲಿ ಚೆನ್ನೈನ ಟಿಸಿಎಸ್ ಉದ್ಯೋಗಿಯೊಬ್ಬರನ್ನು ಕೆಲಸದಿಂದ ತೆಗೆಯಲಾಯಿತು. ಅವರು ಲೇಬರ್ ಕೋರ್ಟಿಗೆ ಹೋದರು. ಮ್ಯಾನೇಜರ್ ದರ್ಜೆಯವರಾದ್ದರಿಂದ ಅವರು ಕಾರ್ಮಿಕರೇ ಅಲ್ಲ ಎಂದು ಕಂಪನಿ ವಾದಿಸಿತು. ಏಳು ವರ್ಷ ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿಕೊಂಡೇ ಅವರು ಕೋರ್ಟಿಗೆ ಅಲೆದರು. 2022ರಲ್ಲಿ ತೀರ್ಪು ಬಂತು: ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಆ ಏಳು ವರ್ಷದ ಸಂಬಳವನ್ನೂ ಕೊಡಬೇಕು. ಎಲ್ಲರೂ ಏಳು ವರ್ಷ ಹೋರಾಡಲಾರರು, ಹಾಗೆ ಕೇಳುವುದೂ ನ್ಯಾಯವಲ್ಲ. ಆದರೆ ತನ್ನನ್ನು ತೆಗೆದರು ಎಂದು ಅವರು ಗಟ್ಟಿಯಾಗಿ ಹೇಳದೇ ಹೋಗಿದ್ದರೆ ಈ ತೀರ್ಪು ಯಾರಿಗೂ ಸಿಗುತ್ತಿರಲಿಲ್ಲ.

ತಪ್ಪು ಮಾಡಿಯೇ ಕೆಲಸ ಕಳೆದುಕೊಂಡವರ ಮಾತೇನು? ಸಹೋದ್ಯೋಗಿಗೆ ಕಿರುಕುಳ ಕೊಟ್ಟವನು, ನಕಲಿ ಅನುಭವಪತ್ರ ತಂದವನು ನಾಚಿಕೊಳ್ಳಲಿ. ಅವನು ನಾಚಬೇಕಾದದ್ದು ಮಾಡಿದ ಕೆಲಸಕ್ಕೆ, ಸಿಕ್ಕಿಬೀಳದಿದ್ದರೂ ನಾಚಬೇಕಿತ್ತು. ಇನ್ನು ಕೆಲಸ ಕೈಹತ್ತದೆ ಹೊರಬಿದ್ದವರ ವಿಷಯ. ಜಾವಾ ಪರೀಕ್ಷೆಯಲ್ಲಿ ಮೂರು ಸಲ ಫೇಲಾದ ಹುಡುಗಿ ಒಳ್ಳೆಯ ಮೇಷ್ಟ್ರಾಗಬಹುದು, ಒಳ್ಳೆಯ ಅಕೌಂಟೆಂಟ್ ಆಗಬಹುದು. ಆ ಕೆಲಸ ಅವಳಿಗೆ ಹೊಂದಲಿಲ್ಲ ಎಂಬುದು ಅಪರಾಧವಲ್ಲ, ಅವಳ ನಡತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮನೆಯವರ ಪಾಲೂ ಇದರಲ್ಲಿದೆ. ಗಂಡು ನೋಡಲು ಬಂದವರು ಕಂಪನಿಯ ಹೆಸರನ್ನೇ ಜಾತಕದಂತೆ ಓದುವ ಊರಿನಲ್ಲಿ, ಕೆಲಸ ಹೋದ ಮಗ ತಿಂಗಳುಗಟ್ಟಲೆ ವರ್ಕ್ ಫ್ರಮ್ ಹೋಮ್ ಎಂದು ಸುಳ್ಳು ಹೇಳಿದರೆ ಆಶ್ಚರ್ಯವೇನು? ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗರಿಗೆ ಕೆಲಸ ಹೋದ ಮೇಲೆ ಇರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಸಿಗಬೇಕು, ಇಲ್ಲವೇ ವೀಸಾ ಬದಲಿಸಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅಂಥ ಹೊತ್ತಲ್ಲಿ ವಿಷಯ ಮುಚ್ಚಿಟ್ಟರೆ ನಷ್ಟ ಅವರಿಗೇ. ಹತ್ತು ಜನಕ್ಕೆ ತಿಳಿದರೆ ತಾನೇ ಒಬ್ಬರಾದರೂ ಎಲ್ಲಿ ಜಾಗ ಖಾಲಿ ಇದೆ ಎಂದು ಹೇಳುವುದು?

ಸರ್ಕಾರ ಮಾಡಬೇಕಾದ್ದೂ ಇದೆ. ಐಟಿ ಕಂಪನಿಗಳಿಗೆ, ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಸ್ಥಾಯಿ ಆದೇಶ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು ರಾಜ್ಯ 2024ರಲ್ಲಿ ಮತ್ತೆ ವಿಸ್ತರಿಸಿತು. ಅಮಾನತು, ವಜಾ, ಹಿಂಬಡ್ತಿಯ ವಿವರವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಅದರ ಷರತ್ತುಗಳಲ್ಲೊಂದು. ಬರೆಸಿಕೊಂಡ ರಾಜೀನಾಮೆಗಳು ಈ ಷರತ್ತಿನ ಕೈಗೆ ಸಿಗುವುದಿಲ್ಲ. ಒಂದೇ ತಿಂಗಳಲ್ಲಿ ಒಂದೇ ಕಂಪನಿಯಿಂದ ನೂರಾರು ರಾಜೀನಾಮೆ ಬಂದರೆ ಅದನ್ನೂ ತಿಳಿಸಬೇಕು, ಬಿಟ್ಟುಹೋದವರನ್ನು ಇಲಾಖೆ ನೇರವಾಗಿ ಕೇಳಬೇಕು ಎಂಬ ನಿಯಮ ತರಲು ಅಡ್ಡಿಯೇನಿದೆ? ಅಲ್ಲಿಯವರೆಗೆ ಆ ರೂಮಿಗೆ ಕರೆಸಿಕೊಂಡವರು ಇಷ್ಟಾದರೂ ಮಾಡಬೇಕು: ಎರಡು ದಿನ ಸಮಯ ಕೇಳಬೇಕು, ಅಲ್ಲಿ ನಡೆದ ಮಾತನ್ನು ಅಂದೇ ಎಚ್‌ಆರ್‌ಗೆ ಇ-ಮೇಲ್‌ನಲ್ಲಿ ಬರೆದು ಅದರ ಪ್ರತಿಯನ್ನು ಸ್ವಂತ ಮೇಲ್‌ಗೂ ಹಾಕಿಕೊಳ್ಳಬೇಕು, ನೇಮಕಪತ್ರ ಮತ್ತು ಪೇ ಸ್ಲಿಪ್ ಹಿಡಿದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬೇಕು. ಹೊಸ ಸಂಹಿತೆಯಲ್ಲಿ ಕೋರ್ಟ್ ಮೆಟ್ಟಿಲೇರುವ ಅವಧಿಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಲಾಗಿದೆ, ಅದನ್ನು ನಾಚಿಕೆಯಲ್ಲಿ ಕಳೆಯಬಾರದು.