ಓಟ ನಿಂತ ಮೇಲಿನ ವರ್ಷಗಳು

ಕಾರ್ಕಳ ತಾಲ್ಲೂಕಿನ ಮಿಯ್ಯಾರಿನ ಲವ-ಕುಶ ಜೋಡುಕರೆ, ಬಾರಾಡಿ ಬೀಡಿನ ಸೂರ್ಯ-ಚಂದ್ರ ಜೋಡುಕರೆ, ಕಾಪು ತಾಲ್ಲೂಕಿನ ಕಟಪಾಡಿ ಬೀಡಿನ ಮೂಡು-ಪಡು ಜೋಡುಕರೆ: ಇಲ್ಲಿ ಓಡುವ ಕೋಣಗಳಿಗೆ ಹೆಸರುಂಟು, ಮನೆತನವುಂಟು, ಅಭಿಮಾನಿಗಳ ಬಳಗವುಂಟು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ವಿಭಾಗಗಳಲ್ಲಿ ಯಾವ ಮನೆಯ ಜೋಡಿ ಎಷ್ಟು ಸೆಕೆಂಡಿನಲ್ಲಿ ಮಂಜೊಟ್ಟಿ ಮುಟ್ಟಿತೆಂಬುದು ಮರುದಿನ ಊರೂರಿನ ಮಾತಾಗುತ್ತದೆ. ಕಂಬಳ ಬೇಕೇ ಬೇಡವೇ ಎಂಬ ವಾದವೂ ದೀರ್ಘಕಾಲ ನಡೆಯಿತು. 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ಕುರಿತು ಸುಪ್ರೀಂ ಕೋರ್ಟು ನೀಡಿದ ತೀರ್ಪು ಕರಾವಳಿಯ ಕರೆಗಳನ್ನೂ ಮೌನವಾಗಿಸಿತು. 2017ರಲ್ಲಿ ರಾಜ್ಯ ತಿದ್ದುಪಡಿ ಕಾಯ್ದೆ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಬೆತ್ತ, ಹಗ್ಗ, ವೇಗ, ಸಂಪ್ರದಾಯ ಎಲ್ಲವೂ ಈ ಅವಧಿಯಲ್ಲಿ ವಿಚಾರಣೆಗೆ ಬಂದವು. ಆದರೆ ಅಷ್ಟೂ ವಾದ ಓಡುವ ಕೋಣವನ್ನು ಕುರಿತದ್ದು. ಓಟ ನಿಲ್ಲಿಸಿ ಹಟ್ಟಿ ಸೇರಿದ ಕೋಣದ ಪರವಾಗಿ ಯಾರೂ ವಕಾಲತ್ತು ಹಾಕಿದ್ದು ಕಾಣುವುದಿಲ್ಲ.

ಚೆನ್ನಾಗಿ ಸಾಕಿದ ಕೋಣ 20 ವರ್ಷ ದಾಟಿ ಬದುಕುತ್ತದೆ. ವೇಗವೆಂಬುದು ಆ ಆಯುಸ್ಸಿನ ನಡುವಿನ ಕೆಲವೇ ವರ್ಷಗಳ ವೈಭವ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯು ಎಮ್ಮೆ-ಕೋಣಗಳಿಗೆ ರಕ್ಷಣೆ ನೀಡುವುದು 13 ವರ್ಷ ತುಂಬುವವರೆಗೆ ಮಾತ್ರ. ಪ್ರಾಣಿಯ ಮೈ ಸೋಲಲು ತೊಡಗುವ ಹೊತ್ತಿಗೆ, ಅದು ಇನ್ನೊಬ್ಬರ ದಯೆಯನ್ನೇ ನೆಚ್ಚಬೇಕಾದ ವಯಸ್ಸಿಗೆ, ಶಾಸನದ ಕೈ ಹಿಂದೆ ಸರಿಯುತ್ತದೆ. ಅಲ್ಲಿಂದ ಮುಂದಿನದು ಯಜಮಾನನ ವ್ರತಕ್ಕೆ ಬಿಟ್ಟ ವಿಷಯ.

ಆ ವ್ರತದ ಬಗ್ಗೆ ಜೈನಾಚಾರ್ಯರು ಅಸ್ಪಷ್ಟವಾಗಿ ಮಾತನಾಡಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಗುರುತಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಛೇದಿಸುವುದು, ಶಕ್ತಿ ಮೀರಿ ಹೊರೆ ಹೇರುವುದು, ಅನ್ನಪಾನ ತಡೆಯುವುದು. ದನಕರು ಸಾಕುವ ಗೃಹಸ್ಥನನ್ನು ಕಣ್ಣಮುಂದಿಟ್ಟುಕೊಂಡೇ ರೂಪಿಸಿದಂತಿದೆ ಈ ಪಟ್ಟಿ. ಮೊದಲ ನಾಲ್ಕು ದೋಷಗಳು ದುಡಿಯುವ ಪ್ರಾಣಿಗೆ ಹೆಚ್ಚಾಗಿ ತಗಲುವಂಥವು. ಐದನೆಯದು ದುಡಿಮೆ ಮುಗಿದ ಪ್ರಾಣಿಯ ಹಟ್ಟಿಗೆ ಸದ್ದಿಲ್ಲದೆ ನುಗ್ಗುತ್ತದೆ. ಓಡುವ ಜೋಡಿಗೆ ಬೆಂದ ಹುರುಳಿ, ಎಣ್ಣೆಯ ನೀವಿಕೆ, ಸೆಕೆಗೆ ಫ್ಯಾನು. ಓಟ ಬಿಟ್ಟ ಕೋಣಕ್ಕೆ ಮೊದಲು ಎಣ್ಣೆ ತಪ್ಪುತ್ತದೆ, ಆಮೇಲೆ ಹುರುಳಿಯ ಪಾಲು ಇಳಿಯುತ್ತದೆ, ಕೊನೆಗೆ ಬೈಹುಲ್ಲೊಂದೇ ಉಳಿಯುತ್ತದೆ. ಯಾರೂ ಹೊಡೆದಿರುವುದಿಲ್ಲ, ಬೈದಿರುವುದೂ ಇಲ್ಲ. ಆದರೂ ಅತಿಚಾರ ನಡೆದಿರುತ್ತದೆ. ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆಯೆಂದು ಅದೇ ಅಧ್ಯಾಯ ವಿವರಿಸುತ್ತದೆ. ಮರೆವು, ಉದಾಸೀನ, ನಾಳೆ ನೋಡೋಣವೆಂಬ ಸೋಮಾರಿತನ ಇವೆಲ್ಲ ಪ್ರಮಾದದ ಮನೆಮಂದಿಯೇ.

ಸಮಂತಭದ್ರಾಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹ, ವಿಸ್ಮಯ, ಲೋಭಗಳ ಜೊತೆಯಲ್ಲಿ ಅತಿವಾಹನವನ್ನೂ ಅತಿಭಾರ ಹೊರಿಸುವುದನ್ನೂ ಸೇರಿಸುತ್ತಾರೆ. ಪ್ರಾಣಿಯನ್ನು ಅದರ ಶಕ್ತಿ ಮೀರಿ ನಡೆಸುವುದು ಹಿಂಸೆಯೆಂದು ಎಲ್ಲರೂ ಒಪ್ಪುತ್ತಾರೆ. ಅದು ಆಸೆಯ ದೋಷವೂ ಹೌದೆಂದು ಗುರುತಿಸಿದ್ದು ಆಚಾರ್ಯರ ಸೂಕ್ಷ್ಮ ದೃಷ್ಟಿ. ಮುದಿ ಪ್ರಾಣಿಯ ಪ್ರಶ್ನೆಗೆ ಕೀಲಿಕೈ ಇರುವುದು ಇಲ್ಲಿಯೇ. ವಯಸ್ಸಾದ ಕೋಣವನ್ನು ಏನು ಮಾಡಬೇಕೆಂದು ಅದು ಮುದಿಯಾದ ದಿನ ಕೇಳಿದರೆ ಉತ್ತರ ಕಷ್ಟ. ಕೇಳಬೇಕಾದದ್ದು ಕರುವನ್ನು ಕೊಳ್ಳುವ ದಿನ. ಇದರ 5 ವರ್ಷದ ಓಟ ಬೇಕೆನ್ನುವವನು ಅನಂತರದ 10 ವರ್ಷದ ಹುಲ್ಲನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆಯೇ? ಹಿಡಿದಿಲ್ಲವಾದರೆ ಅವನು ಕೊಂಡದ್ದು ಒಂದು ಜೀವದ ಲಾಭದ ಭಾಗವನ್ನು ಮಾತ್ರ. ಉಳಿದ ಭಾಗವನ್ನು ಯಾರ ತಲೆಗೋ ಕಟ್ಟುವ ಯೋಚನೆಯಲ್ಲಿದ್ದಾನೆ. ಪರಿಮಾಣ ವ್ರತವನ್ನು ಚಿನ್ನ, ಮನೆ, ಜಮೀನುಗಳಿಗೆ ಅನ್ವಯಿಸುವವರು ಹಟ್ಟಿಯ ಗೂಟಗಳಿಗೂ ಅನ್ವಯಿಸಬೇಕಾಗುತ್ತದೆ. ಮುಪ್ಪಿನಲ್ಲಿ ಎಷ್ಟು ಜೀವಗಳನ್ನು ಸಾಕಬಲ್ಲೆವೋ ಅಷ್ಟೇ ಗೂಟ.

ತುಳುನಾಡಿನ ಹಳೆಯ ಮನೆತನಗಳಲ್ಲಿ ಈ ಅರಿವು ಇಲ್ಲದಿಲ್ಲ. ಜೈನರ, ಬಂಟರ ಎಷ್ಟೋ ಬೀಡು-ಗುತ್ತುಗಳಲ್ಲಿ ಪದಕ ತಂದ ಕೋಣವನ್ನು ಕೊನೆಯುಸಿರಿನವರೆಗೆ ಸಾಕಿ, ಸತ್ತ ಮೇಲೆ ಮನೆಯ ಜಾಗದಲ್ಲಿಯೇ ಮಣ್ಣು ಮಾಡುತ್ತಾರೆ. ಕೆಲವು ಕೋಣಗಳ ಮರಣವಾರ್ತೆ ಪತ್ರಿಕೆಗಳಲ್ಲಿಯೂ ಬರುತ್ತದೆ. ಇದು ಗೌರವಿಸತಕ್ಕ ನಡತೆ. ಆದರೆ ಒಂದೊಂದು ಕಂಬಳಕ್ಕೆ ನೂರಕ್ಕೂ ಮಿಕ್ಕಿ ಜೋಡಿಗಳು ಇಳಿಯುತ್ತವೆ, ಗೆಲ್ಲುವವು ಕೆಲವೇ. ಗೆದ್ದ ಕೋಣಕ್ಕೆ ಸಲ್ಲುವ ಉಪಚಾರದಲ್ಲಿ ಕೃತಜ್ಞತೆ ಎಷ್ಟು, ಮನೆಯ ಪ್ರತಿಷ್ಠೆ ಎಷ್ಟು ಎಂದು ಬಿಡಿಸಿ ನೋಡುವುದು ಸುಲಭವಲ್ಲ. ಒಂದೂ ಪದಕ ತಾರದೆ ಕುಂಟು ಬಿದ್ದ ಕೋಣವನ್ನು ನೋಡಿಕೊಳ್ಳುವ ಹಟ್ಟಿಯಲ್ಲಿ ಆ ಗೊಂದಲವಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯಕ್ಕೆ ಪಾತ್ರನಾಗಲು ಜೀವವಿದ್ದರೆ ಸಾಕು, ಸಾಧನೆ ಬೇಕಿಲ್ಲ.

24 ತೀರ್ಥಂಕರರ ಲಾಂಛನಗಳನ್ನು ಬಲ್ಲವರಿಗೆ ಗೊತ್ತು: 12ನೆಯವರಾದ ವಾಸುಪೂಜ್ಯ ಸ್ವಾಮಿಯ ಪೀಠದಲ್ಲಿ ಕೋಣ, 3ನೆಯವರಾದ ಸಂಭವನಾಥರ ಪೀಠದಲ್ಲಿ ಕುದುರೆ. ಕರಾವಳಿಯಲ್ಲಿ ಕೋಣ ಎಬ್ಬಿಸುವ ಪ್ರಶ್ನೆಯನ್ನೇ ಬೇರೆ ನಾಡುಗಳಲ್ಲಿ ಕುದುರೆ ಎಬ್ಬಿಸಿದೆ, ಅದೂ ಹೆಚ್ಚು ಕೋಮಲವಾದ ಒಂದು ಸನ್ನಿವೇಶದಲ್ಲಿ. ಅಂಗವೈಕಲ್ಯವುಳ್ಳ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಿಧಾನವಾಗಿ ನಡೆಸುವ ಚಿಕಿತ್ಸಾ ಸವಾರಿ ಅದು. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಕುದುರೆಯೊಂದಿಗೆ ಬೆಳ್ಳಿ ಪದಕ ಗೆದ್ದ ಮೇಲೆ ಈ ಪದ್ಧತಿ ಯುರೋಪು, ಅಮೆರಿಕಗಳಲ್ಲಿ ಹಬ್ಬಿತು. ಮಣಿಪಾಲದಲ್ಲಿ ಫಿಸಿಯೋಥೆರಪಿಗಾಗಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸರದಿ ಕಾಯುವ ತಾಯಂದಿರಿಗೆ ಅದರ ಮಹತ್ವ ವಿವರಿಸಬೇಕಿಲ್ಲ. ಬೆನ್ನು ನೆಟ್ಟಗಿಟ್ಟು ಕೂರುವುದೇ ಕೆಲವು ಮಕ್ಕಳಿಗೆ ವರ್ಷಗಳ ತಪಸ್ಸು. ಕುದುರೆ ನಡೆಯುವಾಗ ಅದರ ಬೆನ್ನಿನ ಚಲನೆ ಸವಾರನ ಸೊಂಟವನ್ನು ಮನುಷ್ಯ ನಡೆಯುವ ಬಗೆಯಲ್ಲಿಯೇ ಅಲುಗಿಸುತ್ತದೆ. ನಡೆಯಲಾರದ ಮಗುವಿನ ದೇಹ ನಡಿಗೆಯ ಲಯವನ್ನು ಕುದುರೆಯಿಂದ ಸಾಲ ಪಡೆಯುತ್ತದೆ.

ಈ ಕೆಲಸಕ್ಕೆ ಹುರುಪಿನ ಎಳೆಯ ಕುದುರೆ ಒದಗುವುದಿಲ್ಲ. ಕೂಗಿಗೆ ಬೆದರದ, ಮಗು ಹಠಾತ್ತನೆ ಕುತ್ತಿಗೆ ತಬ್ಬಿದರೂ ಕದಲದ ಪ್ರಾಣಿ ಬೇಕು. ಆದಕಾರಣ ಇಂಥ ಕುದುರೆಗಳು ಹೆಚ್ಚಾಗಿ ವಯಸ್ಸು ಕಂಡವು, ಬೇರೆ ದುಡಿಮೆ ಮುಗಿಸಿ ಬಂದವು. ಕುದುರೆ 25-30 ವರ್ಷ ಬದುಕುವುದುಂಟು. ಮುಪ್ಪು ಅದರ ಹಲ್ಲಿನಲ್ಲಿ ಮೊದಲು ಕಾಣುತ್ತದೆ. ಸವೆದ ಹಲ್ಲಿಗೆ ಒಣಹುಲ್ಲು ನುರಿಯದು, ನೆನೆಸಿದ ಮೆತ್ತಗಿನ ಆಹಾರ ಬೇಕಾಗುತ್ತದೆ. ಗೊರಸನ್ನು 6-8 ವಾರಕ್ಕೊಮ್ಮೆ ಹೆರೆಯಬೇಕು. ಕೀಲು ಹಿಡಿದ ಕುದುರೆ ಮಲಗಿದರೆ ಏಳಲಾಗದೆಂಬ ಅಂಜಿಕೆಯಲ್ಲಿ ನಿಂತೇ ರಾತ್ರಿ ಕಳೆಯುತ್ತದೆ, ಮಲಗದೆ ಗಾಢನಿದ್ರೆಯಿಲ್ಲ. ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿದರೆ ಅದು ಸಿಟ್ಟೆಂದು ಗದರುವವರುಂಟು. ಬಲ್ಲವರು ಬೆನ್ನು ಮುಟ್ಟಿ ನೋಡುತ್ತಾರೆ.

ಮಗುವಿನ ಹಿತಕ್ಕಾಗಿ ಕುದುರೆಯ ನೋವನ್ನು ಸ್ವಲ್ಪ ಮರೆಯಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಇಲ್ಲಿ. ಒಳ್ಳೆಯ ಉದ್ದೇಶವೇ ಇಲ್ಲಿ ದೊಡ್ಡ ಅಪಾಯ: ಕಂಬಳದಲ್ಲಿ ಅತಿವಾಹನಕ್ಕೆ ಪದಕದ ಆಸೆ ಕಾರಣವಾದರೆ ಇಲ್ಲಿ ಕರುಣೆಯೇ ಕಾರಣವಾಗುತ್ತದೆ. ಆದರೆ ಕುದುರೆಯ ದೇಹ ಈ ವಾದವನ್ನು ತಾನೇ ತಳ್ಳಿಹಾಕುತ್ತದೆ. ನೋವಿನಿಂದ ಕಾಲೆಳೆಯುವ ಕುದುರೆ ಮಗುವಿಗೆ ದಾಟಿಸುವುದು ಕುಂಟು ಲಯವನ್ನು. ಚಿಕಿತ್ಸೆ ಫಲಿಸಬೇಕಾದರೆ ಕುದುರೆಯ ನಡಿಗೆ ಸಲೀಸಾಗಿರಬೇಕು. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ಜೈನ ತತ್ತ್ವಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕುವುದು ಕಷ್ಟ. ತಿಳಿದವರ ಲಾಯಗಳಲ್ಲಿ ಭಾರದ ಮಿತಿ ಕಟ್ಟುನಿಟ್ಟು. ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ನೂರಕ್ಕೆ 20 ಪಾಲು ಮೀರಬಾರದೆಂಬುದು ಅಲ್ಲಿನ ವಾಡಿಕೆ, ವಯಸ್ಸಾದಂತೆ ಅದನ್ನೂ ಇಳಿಸುತ್ತಾರೆ. ಹೊರಲಾಗದ ಕಾಲ ಬಂದಾಗ ಮಗು ಕೆಳಗೆ ನಿಂತು ಅದರ ಮೈ ಉಜ್ಜುತ್ತದೆ, ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತದೆ. ಅಷ್ಟರಿಂದಲೂ ಆ ಮಗುವಿನ ಕೈಗೆ ಬಲ ಬರುತ್ತದೆ.

ಅದಾದ ಮೇಲಿನದು ಕಠಿಣ ಘಟ್ಟ. ಮೇಲೇಳಲಾರದ, ಗುಣವಾಗದ ಪ್ರಾಣಿಗೆ ಚುಚ್ಚುಮದ್ದಿನಿಂದ ಸಾವು ಕೊಡುವುದನ್ನು ಪಾಶ್ಚಾತ್ಯರು ದಯೆಯೆಂದು ತಿಳಿಯುತ್ತಾರೆ. 1928ರಲ್ಲಿ ಸಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಅದನ್ನೇ ಮಾಡಿಸಿದಾಗ ದೇಶದಲ್ಲಿ ಕೋಲಾಹಲವೆದ್ದಿತು. ಆಕ್ಷೇಪಿಸಿದವರಲ್ಲಿ ಜೈನರೂ ಇದ್ದರು. ಕೆಲವರು ಸಲ್ಲೇಖನವನ್ನು ಇದರೊಡನೆ ಬೆರೆಸಿ ಮಾತನಾಡುತ್ತಾರೆ. ಆ ಬೆರಕೆ ಸಲ್ಲದು. ಸಲ್ಲೇಖನ ತನ್ನ ದೇಹದ ವಿಷಯದಲ್ಲಿ, ಎಚ್ಚರವಿದ್ದು, ಕಷಾಯಗಳನ್ನು ಕ್ಷೀಣಿಸುತ್ತ ಕೈಗೊಳ್ಳುವ ವ್ರತ. ಇನ್ನೊಂದು ಜೀವದ ಪರವಾಗಿ ಅದನ್ನು ಸಂಕಲ್ಪಿಸುವ ಅಧಿಕಾರ ಯಾರಿಗೂ ಇಲ್ಲ. ಇಷ್ಟು ಹೇಳಿ ಕೈತೊಳೆದುಕೊಂಡರೆ ಮಾತ್ರ ಗಾಂಧೀಜಿಯ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಕೊಲ್ಲುವುದಿಲ್ಲವೆಂದ ಮೇಲೆ ನೋವು ತಗ್ಗಿಸುವ ಹೊಣೆ ಇಮ್ಮಡಿಯಾಗುತ್ತದೆ. ಪಶುವೈದ್ಯರ ನೋವುನಿವಾರಕ, ಹುಣ್ಣಾಗದಂತೆ ದಪ್ಪ ಹುಲ್ಲಿನ ಹಾಸು, ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಲು ನಾಲ್ಕು ಜನರ ತೋಳು, ಬಾಯಿಗೆ ಒಯ್ದು ಕುಡಿಸುವ ನೀರು. ಇವಿಲ್ಲದೆ ಮೂಲೆಯಲ್ಲಿ ಬಿಟ್ಟ ಪ್ರಾಣಿಯ ಮುಂದೆ ಅಹಿಂಸೆಯ ಹೆಸರೆತ್ತುವುದು ಅಹಿಂಸೆಗೇ ಅವಮಾನ.

ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಪದ್ಮರುಚಿಯೆಂಬ ಶ್ರೇಷ್ಠಿಯ ಕಥೆಯಿದೆ. ದಾರಿಯಲ್ಲಿ ಸಾಯುತ್ತ ಬಿದ್ದಿದ್ದ ಎತ್ತನ್ನು ಕಂಡು ಅವನು ಅದರ ಬಳಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದ. ಎತ್ತು ರಾಜಕುಮಾರನಾಗಿ ಹುಟ್ಟಿ, ಹಿಂದಿನ ಜನ್ಮವನ್ನು ನೆನೆದು, ಆ ಜಾಗದಲ್ಲಿ ಜಿನಾಲಯ ಕಟ್ಟಿಸಿ, ಎತ್ತಿನ ಕಿವಿಯಲ್ಲಿ ಮಂತ್ರ ಹೇಳುವವನ ಚಿತ್ರವನ್ನು ಇರಿಸಿದ. ಅದನ್ನು ನೋಡಿ ಬೆರಗಾಗಿ ನಿಂತ ಪದ್ಮರುಚಿಯನ್ನು ಗುರುತಿಸಿದ. ಮುಂದೆ ಅವರೇ ರಾಮ-ಸುಗ್ರೀವರಾದರೆಂದು ಪುರಾಣ ಸಾಗುತ್ತದೆ. ಸಂಜ್ಞಿ ಪಂಚೇಂದ್ರಿಯವಾದ ತಿರ್ಯಂಚ ಜೀವಿಗೂ ಕೊನೆಯ ಗಳಿಗೆಯ ಪರಿಣಾಮ ಮುಖ್ಯವೆಂಬುದು ಈ ಕಥೆಯ ಹಿಂದಿರುವ ಸಿದ್ಧಾಂತ. ಭಯದಲ್ಲಿ, ಕಸಾಯಿಯ ವಾಹನದಲ್ಲಿ ಕಳೆಯುವ ಕೊನೆಯ ಗಳಿಗೆಗೂ ಪರಿಚಿತ ಹಟ್ಟಿಯಲ್ಲಿ ಪರಿಚಿತ ಧ್ವನಿಯ ಪಕ್ಕದಲ್ಲಿ ಕಳೆಯುವ ಗಳಿಗೆಗೂ ಇರುವ ಅಂತರವನ್ನು ಸಿದ್ಧಾಂತ ತಿಳಿಯದವರೂ ಬಲ್ಲರು.

ಉಡುಪಿ ಜಿಲ್ಲೆಯಲ್ಲಿ ಗೋವಿಗೆ ಆಶ್ರಯ ನೀಡುವ ಪರಂಪರೆ ಗಟ್ಟಿಯಾಗಿದೆ, ನೀಲಾವರದ ಗೋಶಾಲೆ ಅದಕ್ಕೆ ಸಾಕ್ಷಿ. ಕೋಣಕ್ಕೆ, ಕುದುರೆಗೆ ಅಂಥ ನೆಲೆ ವಿರಳ. ಜೈನ ಸಮಾಜ ಗುಜರಾತು, ರಾಜಸ್ಥಾನಗಳಲ್ಲಿ ಪಾಂಜರಾಪೋಲುಗಳನ್ನು ಕಟ್ಟಿ ಯಾವ ಜಾತಿಯ ಪ್ರಾಣಿಯೆಂದು ಕೇಳದೆ ಸೇರಿಸಿಕೊಂಡಿತು. ಕಾರ್ಕಳ, ಮೂಡುಬಿದಿರೆಗಳ ಸಮಾಜಕ್ಕೂ ಅದು ಅಳತೆ ಮೀರಿದ ಕೆಲಸವಲ್ಲ. ಅದಕ್ಕೂ ಮೊದಲು ಕಂಬಳ ಸಮಿತಿಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಹಲ್ಲು ನೋಡಿ ಕಿರಿಯ ವಿಭಾಗವೋ ಹಿರಿಯ ವಿಭಾಗವೋ ಎಂದು ನಿರ್ಧರಿಸುವ ಪದ್ಧತಿ ಈಗಾಗಲೇ ಇದೆ. ಆ ಹೊತ್ತಿನಲ್ಲಿಯೇ ಪ್ರತಿ ಕೋಣದ ವಯಸ್ಸನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಕರೆಗೆ ಇಳಿಯುವುದನ್ನು ನಿಲ್ಲಿಸಿದ ಕೋಣ ಈಗ ಎಲ್ಲಿದೆಯೆಂದು ವರ್ಷಕ್ಕೊಮ್ಮೆ ಯಜಮಾನನನ್ನು ಕೇಳಬಹುದು. ಬಹುಮಾನದ ಚಿನ್ನದಲ್ಲಿ ಒಂದು ಪಾಲನ್ನು ಹುಲ್ಲು-ಔಷಧಗಳ ನಿಧಿಗೆ ಎತ್ತಿಡಬಹುದು. ಕಂಬಳದ ಋತು ಮುಗಿದ ಬೆನ್ನಿಗೇ ಸೆಕೆ. ಬೆವರು ಗ್ರಂಥಿಗಳು ಕಡಿಮೆಯಿರುವ ಕೋಣದ ಮೈ ನೀರಿಲ್ಲದೆ ತಣಿಯದು. ಅದು ಮುಗಿಯುವಷ್ಟರಲ್ಲಿ ಮಳೆ. ಮುದಿ ಕೋಣದ ಹಟ್ಟಿಯ ನೆಲವನ್ನು ಜೂನ್‌ಗೆ ಮುಂಚೆಯೇ ಎತ್ತರಿಸಿ, ಒಣಗಿದ ತರಗೆಲೆ ಕೂಡಿಟ್ಟುಕೊಳ್ಳಬೇಕಾಗುತ್ತದೆ.