ಜಗುಲಿಯೂ ಭಯಾನಕ ರಸವೂ

ಜೀವಮಾನವೆಲ್ಲ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರರು ಬೆದರಿಸುವ ಚಲಚ್ಚಿತ್ರಗಳನ್ನು ಮೆಚ್ಚುವರೆಂದರೆ ವಾಚಕ ಮಹಾಶಯರು ನಕ್ಕಾರು. ನಗಲಿ. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಶೃಂಗಾರಕ್ಕೆ ಪಂಕ್ತಿಯಲ್ಲಿ ಎಲೆ ಹಾಕಿ, ಭಯಾನಕವನ್ನು ಅಂಗಳದಲ್ಲಿ ನಿಲ್ಲಿಸುವುದು ನ್ಯಾಯವಲ್ಲವೆಂದು ನಮ್ಮ ಮತ. ಅದರಲ್ಲಿಯೂ ಭೂತಪ್ರೇತಗಳ ಕಥೆಗಿಂತ, ಮನುಷ್ಯನೇ ಮನೆಯೊಳಕ್ಕೆ ನುಗ್ಗುವ ಕಥೆಯಲ್ಲಿ ನಮಗೆ ಆಸಕ್ತಿ ಹೆಚ್ಚು. ದೆವ್ವವನ್ನು ನಂಬದವನೂ ರಾತ್ರಿ ಬಾಗಿಲಿಗೆ ಅಗಳಿ ಹಾಕಿಯೇ ಮಲಗುವನಷ್ಟೆ.

ಕನ್ನಡದಲ್ಲಿ ಈ ಜಾತಿಯ ಚಿತ್ರವೆಂದರೆ ಮೊದಲು ನೆನಪಾಗುವುದು 2012ರಲ್ಲಿ ತೆರೆಕಂಡ ‘ದಂಡುಪಾಳ್ಯ’. ನಿರ್ದೇಶಕರು ಶ್ರೀನಿವಾಸ ರಾಜು. ಪೂಜಾ ಗಾಂಧಿ, ಮಕರಂದ ದೇಶಪಾಂಡೆ, ರವಿಶಂಕರ್ ಮೊದಲಾದವರು ಪಾತ್ರಧಾರಿಗಳು. ಆ ಹೆಸರಿನಿಂದ ಕುಪ್ರಸಿದ್ಧವಾದ ದರೋಡೆಕೋರರ ತಂಡದ ಕೃತ್ಯಗಳೇ ಕಥೆಗೆ ಆಧಾರ. ಗೃಹಿಣಿಯೊಬ್ಬಳೇ ಇರುವ ಹೊತ್ತನ್ನು ನೋಡಿಕೊಂಡು ಹೆಂಗಸೊಬ್ಬಳು ಬಂದು ಬಾಗಿಲು ತಟ್ಟಿ ಕುಡಿಯಲು ನೀರು ಬೇಡುವಳು. ಗೃಹಿಣಿಯು ನೀರು ತರಲೆಂದು ಬೆನ್ನು ತಿರುಗಿಸುವಳು. ಮುಂದಿನದನ್ನು ಹೆಂಗಸರು ಮಕ್ಕಳು ಓದುವ ಈ ಪುಟಗಳಲ್ಲಿ ಬರೆಯಲೊಲ್ಲೆವು.

ಚಿತ್ರದ ಶಕ್ತಿಯೆಲ್ಲವೂ ಆ ಬೆನ್ನು ತಿರುಗುವ ಕ್ಷಣದಲ್ಲಿದೆ. ಕೊಡುವವಳ ಕೈಯಲ್ಲಿ ಲೋಟ, ಬೇಡುವವಳ ಕಣ್ಣು ಒಳಕೋಣೆಯ ಮೇಲೆ. ನೋಡುವ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಭಯವು ಹುಟ್ಟುವುದು ಇಲ್ಲಿ. ಅನಂತರ ಹರಿಯುವ ನೆತ್ತರಿನಿಂದ ಅದು ಬೆಳೆಯುವುದಿಲ್ಲ, ಜುಗುಪ್ಸೆಯಾಗಿ ಮಾರ್ಪಡುವುದು. ಭಯಾನಕವು ಬೀಭತ್ಸಕ್ಕೆ ಎಡೆಗೊಡುವುದು. ಮರಣವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದು ನಾಟ್ಯಶಾಸ್ತ್ರವು ವಿಧಿಸಿದುದು ಸುಮ್ಮನೆ ಅಲ್ಲ. 1999ರ ‘ಕೌನ್’ ಎಂಬ ಹಿಂದೀ ಚಿತ್ರದಲ್ಲಿ ರಾಮ್ ಗೋಪಾಲ್ ವರ್ಮರು ಒಂದೇ ಮನೆ, ಸುರಿಯುವ ಮಳೆ, ಮೂವರೇ ಪಾತ್ರಧಾರಿಗಳು, ಒಂದು ಹಾಡೂ ಇಲ್ಲ, ಇಷ್ಟರಿಂದಲೇ ನಮ್ಮ ಉಸಿರು ಕಟ್ಟಿಸಿದ್ದರು. ಇನ್ನೊಂದು ಆಕ್ಷೇಪವೂ ಉಂಟು. ಉತ್ತು ಬಿತ್ತಿ ಬದುಕುವವರಿರುವ ಒಂದು ಊರಿನ ಹೆಸರನ್ನೇ ಭಯಕ್ಕೆ ಪರ್ಯಾಯಪದ ಮಾಡಿದುದು ನಮಗೆ ಸರಿದೋರಲಿಲ್ಲ.

ಈ ಕಥೆ ಹೊಸದೇನಲ್ಲ. ಪಂಚವಟಿಯ ಪರ್ಣಶಾಲೆಗೆ ರಾವಣನು ಕತ್ತಿ ಹಿಡಿದು ಬರಲಿಲ್ಲ. ಕಮಂಡಲು ಹಿಡಿದು ಪರಿವ್ರಾಜಕನಾಗಿ ಬಂದನು. ವಾಲ್ಮೀಕಿಯ ಸೀತೆ ಅವನಿಗೆ ಆಸನವನ್ನಿತ್ತು ಪಾದ್ಯವನ್ನು ಕೊಟ್ಟಳು. ದಾಟಬಾರದ ಗೆರೆಯ ಮಾತು ಆ ಕಾವ್ಯದಲ್ಲಿ ಇಲ್ಲವೇ ಇಲ್ಲ. ಅದು ಅನಂತರದವರು ಎಳೆದ ಗೆರೆ. ಅತಿಥಿಯನ್ನು ಸತ್ಕರಿಸಿದುದು ಅವಳ ತಪ್ಪೆಂದು ಆದಿಕವಿಯು ಎಲ್ಲಿಯೂ ಹೇಳಲಿಲ್ಲ.

ಇಷ್ಟೆಲ್ಲ ಬಲ್ಲ ನಾವು ಮಾಡಿದುದನ್ನು ಈಗ ಹೇಳಬೇಕು. ಬೆಂಗಳೂರಿನಿಂದ ರಜೆಗೆ ಬಂದ ಮಗನೊಡನೆ ಕಳೆದ ವೈಶಾಖದ ಒಂದು ರಾತ್ರಿ ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆವು. ನಮ್ಮ ಮನೆಯವರು ಅರ್ಧದಲ್ಲಿಯೇ ಎದ್ದುಹೋಗಿ ಮಲಗಿದರು. ಮರುದಿನ ಮಗನು ಗೋಕರ್ಣಕ್ಕೆ ಹೋಗಿದ್ದನು. ಮಧ್ಯಾಹ್ನ, ದಕ್ಕೆಯ ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಚಾದರಗಳ ಗಂಟನ್ನು ತಲೆಯ ಮೇಲೆ ಹೊತ್ತ ಹೆಂಗಸೊಬ್ಬಳು ತಾರಿಯ ಕಡೆಯಿಂದ ಬಂದು, “ಅಮ್ಮಾ, ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡಿ” ಎಂದಳು. ಮನೆಯವರು ವಾಡಿಕೆಯಂತೆ ಚೊಂಬಿಗೆ ಕೈಹಾಕಿದರು. ನಾವು ಅವರನ್ನು ತಡೆದು ಕಿಟಕಿಯಿಂದಲೇ, “ಮುಂದಿನ ಮನೆಗೆ ಹೋಗಮ್ಮ” ಎಂದೆವು.

ಅವಳು ಮರುಮಾತಾಡದೆ ಸೆರಗಿನಿಂದ ಮುಖ ಒರಸಿಕೊಂಡು ಹೊರಟುಹೋದಳು.

“ಅವಳ ತುಟಿ ಒಣಗಿದ್ದು ಕಂಡಿತೋ ಇಲ್ಲವೋ ನಿಮಗೆ?” ಎಂದು ಮನೆಯವರು ಕೇಳಿದರು. ಅಷ್ಟನ್ನೇ ಕೇಳಿದರು. ಚೊಂಬು ತುಂಬಿಕೊಂಡು ನಾವು ತಾರಿಯವರೆಗೂ ನಡೆದೆವು. ದೋಣಿಯು ಆಗಲೇ ಹೊಳೆಯ ನಡುವೆ, ಅಘನಾಶಿನಿಯ ದಡದತ್ತ ಸಾಗುತ್ತಿತ್ತು. ಗಂಟು ಮಾತ್ರ ಕಾಣುತ್ತಿತ್ತು.

ಆ ದಿನದಿಂದ ಒಂದು ವಿಷಯವನ್ನು ಆಲೋಚಿಸುತ್ತಿರುವೆವು. ನಮ್ಮ ಸೀಮೆಯಲ್ಲಿ ಬಂದವರಿಗೆ ಮೊದಲು ಆಸರಿಗೆಂದು ಬೆಲ್ಲ ನೀರು ಕೊಡುವುದು ಪದ್ಧತಿ. ಹಿರಿಯರೇನೂ ಮುಗ್ಧರಾಗಿರಲಿಲ್ಲ, ಕಳ್ಳಕಾಕರ ಭಯವು ಅವರಿಗೂ ಇತ್ತು. ಆದುದರಿಂದಲೇ ಅವರು ಜಗುಲಿ ಕಟ್ಟಿಸಿದರು. ಅದು ಬೀದಿಯೂ ಅಲ್ಲ, ಮನೆಯ ಒಳಗೂ ಅಲ್ಲ. ಅಪರಿಚಿತನು ಅಲ್ಲಿ ಕುಳಿತು ನೀರು ಕುಡಿದು ಬೆವರಾರಿಸಿಕೊಂಡು ಹೋಗುವನು. ಅವನಿಗೂ ಅವಮಾನವಿಲ್ಲ, ಒಳಗಿನವರಿಗೂ ಅಂಜಿಕೆಯಿಲ್ಲ. ‘ದಂಡುಪಾಳ್ಯ’ದ ಮನೆಗಳನ್ನು ಗಮನಿಸಿರಿ: ಬಾಗಿಲು ತೆರೆದರೆ ನೇರವಾಗಿ ಮನೆಯ ಒಡಲು. ಅಲ್ಲಿ ಗೃಹಿಣಿಗೆ ಎರಡೇ ದಾರಿ, ಪೂರ್ತಿ ನಂಬುವುದು ಅಥವಾ ಪೂರ್ತಿ ತಳ್ಳಿಬಿಡುವುದು. ಹತ್ತು ವರ್ಷಗಳ ಹಿಂದೆ ಮನೆಯನ್ನು ರಿಪೇರಿ ಮಾಡಿಸುವಾಗ ನಾವೂ ಜಗುಲಿಯನ್ನು ಗೋಡೆಯೊಳಗೆ ಸೇರಿಸಿ ಪುಸ್ತಕಗಳಿಗೆ ಕೋಣೆ ಮಾಡಿಕೊಂಡೆವು. ಆ ಮಧ್ಯಾಹ್ನ ಕಿಟಕಿಯಿಂದ ಮಾತಾಡಿದುದು ಆ ಕೋಣೆಯಿಂದಲೇ.

ಚಿತ್ರವನ್ನು ನೋಡಬಯಸುವವರು ಮಕ್ಕಳನ್ನು ಮಲಗಿಸಿ ನೋಡಲಿ. ಒಂಟಿಯಾಗಿರುವ ಗೃಹಿಣಿಯರು ಅಗಳಿಯನ್ನು ತೆಗೆಯದಿರಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅಗಳಿ ತೆಗೆಯದೆಯೂ ನೀರು ಕೊಡುವ ಉಪಾಯವೊಂದನ್ನು ಪ್ರತಿಯೊಂದು ಮನೆಯೂ ಮಾಡಿಕೊಳ್ಳಬೇಕು. ನಾವು ಬಾಗಿಲ ಹೊರಗೆ ಒಂದು ಬೆಂಚು ಹಾಕಿಸಿದ್ದೇವೆ. ಅದರ ಮೇಲೆ ಮುಚ್ಚಿದ ಕೊಡದಲ್ಲಿ ನೀರು, ಪಕ್ಕದ ಡಬ್ಬಿಯಲ್ಲಿ ಬೆಲ್ಲ. ದಿನವೂ ಬೆಳಿಗ್ಗೆ ನೀರು ಬದಲಾಯಿಸುವುದು ನಮ್ಮದೇ ಕೆಲಸ. ಅಂಚೆಯವನು ಕುಡಿಯುತ್ತಾನೆ, ದಕ್ಕೆಗೆ ಹೋಗುವವರು ಕುಡಿಯುತ್ತಾರೆ. ಚಾದರದವಳು ಮಾತ್ರ ಇನ್ನೂ ಈ ದಾರಿಯಾಗಿ ಬಂದಿಲ್ಲ.