ಮೂರನೆಯ ಪಟ್ಟಿ

"ಹತ್ತು ದಿನ ಕ್ಯಾಂಪಿಗೆಲ್ಲ ಕಳಿಸೋಕಾಗಲ್ಲ ಮಿಸ್. ಎನ್‌ಸಿಸಿಯಿಂದ ಇವಳ ಹೆಸರು ತೆಗೆದುಬಿಡಿ."

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಆ ತಾಯಿ ಹೀಗೆಂದಾಗ ಮಗಳು ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ಸಮವಸ್ತ್ರದ ಮೇಲೆ ಎರಡು ಪಟ್ಟಿ. ಕಾರ್ಪೊರಲ್. ಮೈದಾನದ ಆಚೆ ತುದಿಗೂ ಕೇಳುವಂತೆ 'ಸಾವಧಾನ್' ಎಂದು ಕೂಗುವ ಹುಡುಗಿ ಅಮ್ಮನ ಎದುರು ತುಟಿ ಬಿಚ್ಚಲಿಲ್ಲ.

ಕಾರಣ ಕೇಳಿದೆ. ಬಿಸಿಲಿಗೆ ಕಪ್ಪಾಗುತ್ತಾಳಂತೆ. ತಿಂಗಳ ತೊಂದರೆ ಬೇರೆ. "ಹುಡುಗೀರಿಗೆ ಇದರಿಂದ ಏನು ಪ್ರಯೋಜನ, ನೀವೇ ಹೇಳಿ" ಎಂದರು. ಎರಡು ವರ್ಷದ ಹಿಂದೆ ಇದೇ ತಾಯಿ ಮಗನನ್ನು ಇಂಥದೇ ಕ್ಯಾಂಪಿಗೆ ಕಳಿಸುವಾಗ ಡಬ್ಬಿ ತುಂಬ ಚಕ್ಕುಲಿ ಕಟ್ಟಿಕೊಟ್ಟಿದ್ದರು. ಆಗ ಪ್ರಯೋಜನದ ಮಾತು ಬಂದಿರಲಿಲ್ಲ.

ಎನ್‌ಸಿಸಿ ಶುರುವಾದದ್ದು 1948ರಲ್ಲಿ. ಮರುವರ್ಷವೇ ಹುಡುಗಿಯರ ವಿಭಾಗವೂ ಬಂತು. ಶಾಲೆಯ ಹುಡುಗರದು ಜೂನಿಯರ್ ಡಿವಿಜನ್, ಹುಡುಗಿಯರದು ಜೂನಿಯರ್ ವಿಂಗ್. ಕಾಲೇಜಿನಲ್ಲಿ ಸೀನಿಯರ್ ಡಿವಿಜನ್, ಸೀನಿಯರ್ ವಿಂಗ್. ಹೆಸರು ಬೇರೆ, ಮೆಟ್ಟಿಲು ಮಾತ್ರ ಒಂದೇ. ಕೆಡೆಟ್ ಆಗಿ ಸೇರಿದವಳು ಒಂದು ಪಟ್ಟಿ ಪಡೆದರೆ ಲ್ಯಾನ್ಸ್ ಕಾರ್ಪೊರಲ್, ಎರಡಾದರೆ ಕಾರ್ಪೊರಲ್, ಮೂರಾದರೆ ಸಾರ್ಜೆಂಟ್. ಕಾಲೇಜಿನಲ್ಲಿ ಇನ್ನೂ ಮೇಲೇರಿ ಸೀನಿಯರ್ ಅಂಡರ್ ಆಫೀಸರ್‌ವರೆಗೆ ಹೋಗಬಹುದು. ಅಣ್ಣನಿಗೊಂದು ಏಣಿ, ತಂಗಿಗೊಂದು ಏಣಿ ಎಂದು ಅಲ್ಲಿ ಯಾರೂ ಮಾಡಿಟ್ಟಿಲ್ಲ.

ಆದರೆ 'ಎ' ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬೇಕಾದರೆ ಎರಡು ವರ್ಷದ ತರಬೇತಿಯಲ್ಲಿ ಮುಕ್ಕಾಲು ಪಾಲು ಹಾಜರಿ ಇರಬೇಕು, ಒಂದು ವಾರ್ಷಿಕ ಶಿಬಿರಕ್ಕೂ ಹೋಗಿರಬೇಕು. ಶಿಬಿರಕ್ಕೆ ಬೇಡವೆಂದರೆ ಅಷ್ಟು ದಿನ ಬಿಸಿಲಲ್ಲಿ ನಿಂತದ್ದು ಲೆಕ್ಕಕ್ಕೆ ಬರುವುದಿಲ್ಲ. ಸರಕಾರ ಸಮನಾಗಿ ನಿಲ್ಲಿಸಿದ ಏಣಿಯನ್ನು ಅಡುಗೆಮನೆಯಲ್ಲಿ ನಿಂತ ನಾವೇ ಎಳೆದು ಹಾಕುತ್ತೇವೆ. ಆಮೇಲೆ ಹೆಣ್ಣಿಗೆ ಅವಕಾಶವಿಲ್ಲ ಎಂದು ಮಹಿಳಾ ಸಮಾಜದಲ್ಲಿ ಭಾಷಣ ಮಾಡುತ್ತೇವೆ!

ಎಲ್ಲ ಹುಡುಗಿಯರೂ ಸೈನ್ಯ ಸೇರಲಿ ಎಂದು ನಾನು ಹೇಳುತ್ತಿಲ್ಲ. ಸೇರುವವರಿಗೆ ದಾರಿಯೇನೋ ತೆರೆದಿದೆ. ಪುಣೆಯ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಲ್ಲಿ ಹುಡುಗಿಯರು ಕಾಲಿಟ್ಟರು. 2025ರ ಮೇ ತಿಂಗಳಲ್ಲಿ 17 ಮಂದಿ ತರಬೇತಿ ಮುಗಿಸಿ ಹೊರಬಂದರು. ಆದರೆ ನನ್ನ ಮಾತು ಉಳಿದವರ ಬಗ್ಗೆ. ಮನೆಯಲ್ಲಿ 'ಮೆಲ್ಲಗೆ ಮಾತಾಡು' ಎಂದು ಕೇಳಿ ಕೇಳಿ ಬೆಳೆದ ಹುಡುಗಿಗೆ, ಗಟ್ಟಿಯಾಗಿ ಆಜ್ಞೆ ಕೊಡು, ಇಲ್ಲವಾದರೆ ನಿನ್ನ ಸಾಲು ಕದಲುವುದಿಲ್ಲ ಎಂದು ಹೇಳುವ ಜಾಗ ನಮ್ಮ ಊರುಗಳಲ್ಲಿ ಇನ್ನೆಷ್ಟಿವೆ? ಹತ್ತು ದಿನ ತನ್ನ ಹಾಸಿಗೆ ತಾನೇ ಮಡಿಸಿ, ಬೇರೆ ಊರಿನ, ಬೇರೆ ಜಾತಿಯ ಹುಡುಗಿಯರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಬರುವುದು ಸಣ್ಣ ಪಾಠವೇ?

ತಾಯಂದಿರ ಭಯ ಸುಳ್ಳೆಂದು ನಾನು ಹೇಳಲಾರೆ. ಕಾಲ ಹಾಗಿದೆ. ಅದಕ್ಕೆ ಕೇಳಿ. ಜೊತೆಗೆ ಹೋಗುವ ಶಿಕ್ಷಕಿ ಯಾರು, ಮಲಗುವುದೆಲ್ಲಿ, ಶೌಚಾಲಯ ಹೇಗಿದೆ, ರಾತ್ರಿ ಕಾವಲಿಗೆ ಯಾರಿರುತ್ತಾರೆ, ಎಲ್ಲವನ್ನೂ ಜಗಳವಾಡಿಯಾದರೂ ಕೇಳಿ. ಉತ್ತರ ಕೊಡುವುದು ಶಾಲೆಯ ಕರ್ತವ್ಯ. ಕೇಳುವ ಗೋಜೇ ಬೇಡವೆಂದು ಹೆಸರು ಹೊಡೆಸಿಬಿಡುವುದು ಮಾತ್ರ ಕಾಳಜಿಯಲ್ಲ, ಸುಲಭದ ದಾರಿ.

ಆ ಸುಲಭದ ದಾರಿಯನ್ನು ನಾನೂ ಹಿಡಿದವಳೇ. ಶಾಲೆಯ ಎನ್‌ಸಿಸಿ ನೋಡಿಕೊಳ್ಳುವ ಶಿಕ್ಷಕರಿಗೂ ದರ್ಜೆಗಳಿವೆ: ಥರ್ಡ್ ಆಫೀಸರ್, ಸೆಕೆಂಡ್, ಫಸ್ಟ್, ಕೊನೆಗೆ ಚೀಫ್ ಆಫೀಸರ್. ನನಗೆ ಮೂವತ್ತೆರಡಾಗಿದ್ದಾಗ ಮುಖ್ಯೋಪಾಧ್ಯಾಯರು ಕರೆದು, ಹುಡುಗಿಯರ ವಿಂಗ್ ತರೋಣ, ನೀವು ವಹಿಸಿಕೊಳ್ಳಿ ಎಂದರು. ತರಬೇತಿಗೆ ಗ್ವಾಲಿಯರ್‌ಗೆ ಹೋಗಬೇಕಿತ್ತು. ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ ಎಂದೆ. ಎರಡೂ ನಿಜವೇ. ಆದರೆ ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ ಎನ್ನುವುದೂ ಅಷ್ಟೇ ನಿಜ. ಆರು ವರ್ಷಗಳ ನಂತರ ಕಿರಿಯ ಶಿಕ್ಷಕಿಯೊಬ್ಬಳು ಬಂದು ಹೋಗಿಬಂದಳು. ಆ ಆರು ವರ್ಷ ನಮ್ಮ ಹುಡುಗಿಯರು ಕಿಟಕಿಯಿಂದ ಹುಡುಗರ ಪೆರೇಡ್ ನೋಡುತ್ತ ಕೂತರು. ಅದರ ಲೆಕ್ಕ ನನ್ನ ಹೆಸರಿಗೇ ಇದೆ.

ಆ ತಾಯಿಗೆ ಇದನ್ನೆಲ್ಲ ಹೇಳಿದೆ. "ನೋಡೋಣ, ಇವರ ಅಪ್ಪನ್ನ ಕೇಳ್ತೀನಿ" ಎಂದು ಹೋದರು. ಹುಡುಗಿ ಶಿಬಿರಕ್ಕೆ ಬರಲಿಲ್ಲ. ಮೂರನೆಯ ಪಟ್ಟಿ ಇನ್ನೊಬ್ಬಳಿಗೆ ಹೋಯಿತು.

ಮುಂದಿನ ಸಲ ನಿಮ್ಮ ಮಗಳು ಒಪ್ಪಿಗೆ ಪತ್ರ ತಂದು ಮುಂದೆ ಹಿಡಿದರೆ, 'ಅಪ್ಪನ್ನ ಕೇಳು' ಎನ್ನಬೇಡಿ. ಕೈ ಒರೆಸಿಕೊಂಡು ಬಂದು ನೀವೇ ಓದಿ, ಕೇಳಬೇಕಾದ್ದನ್ನು ಶಾಲೆಗೆ ಬಂದು ಕೇಳಿ, ರುಜು ಹಾಕಿ. ಚಕ್ಕುಲಿ ಡಬ್ಬಿ ಅವಳಿಗೂ ಇರಲಿ.